ಕಣಕ್ಕೆ ಲೇಪ, ಪೈಪಿಗೆ ಆಯುಷ್ಯ
(ದತ್ತಿ ಉಪನ್ಯಾಸದ ಮುದ್ರಿತ ರೂಪ)

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಹತ್ತಿರ 1989ರಲ್ಲಿ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದವರು ರೈತರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಹಣ ಕೂಡಿಸಿ, ಮೈಮುರಿದು ದುಡಿದು ಅವರು ನಿಲ್ಲಿಸಿದ ನೀರಿಗೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ಆ ಕಥೆ ಈ ಭಾಗದಲ್ಲಿ ಮನೆಮಾತು. ಅದರ ಮುಂದಿನ ಭಾಗವನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ನದಿಯಲ್ಲಿ ನಿಂತ ನೀರು ಎತ್ತರದ ಹೊಲಕ್ಕೆ ಹತ್ತಬೇಕಾದರೆ ಜಾಕ್‌ವೆಲ್ ಬೇಕು, ಮೋಟರು ಬೇಕು, ಉದ್ದಕ್ಕೂ ಪೈಪು ಬೇಕು. ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯಿಂದ ಕಬ್ಬಿನ ಗದ್ದೆಗಳವರೆಗೆ ಇವತ್ತು ಹರಿಯುವ ನೀರಿನಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿನ ಒಳಗೇ ಹರಿಯುತ್ತದೆ.

ಪೈಪು ಒಂದೇ ಅಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಒಕ್ಕಲುತನ ಮತ್ತು ಕಸುಬುಗಳನ್ನು ಒಂದು ಸುತ್ತು ನೋಡಿದರೆ ಪ್ಲಾಸ್ಟಿಕ್ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ತಿಳಿಯುತ್ತದೆ. ಕಬ್ಬಿನ ಸಾಲಿಗೆ ಡ್ರಿಪ್ಪಿನ ಲ್ಯಾಟರಲ್ ಪೈಪು, ಒಣದ್ರಾಕ್ಷಿ ಶೆಡ್ಡಿಗೆ ಹಸಿರು ಶೇಡ್‌ನೆಟ್, ಅರಿಷಿಣ ಒಣಗಿಸಲು ತಾಡಪತ್ರಿ, ಮನೆಯ ಮೇಲೆ ನೀರಿನ ಟ್ಯಾಂಕು, ಮಗ್ಗದ ಶೆಡ್ಡಿನ ಮೇಲೆ ಬೆಳಕಿಗೆಂದು ಹಾಕಿದ ಪಾರದರ್ಶಕ ತಗಡು. ಇವೆಲ್ಲ ಬಿಸಿಲಿನಲ್ಲೇ ಬಾಳಬೇಕಾದ ವಸ್ತುಗಳು. ಬಾಳುವುದು ಎಷ್ಟು ವರ್ಷ? ರೈತ ದುಡ್ಡು ಕೊಟ್ಟು ತಂದ ನೆಟ್ಟು ಬೇಗನೆ ಹರಿದು ಚಿಂದಿಯಾಗುವುದಕ್ಕೂ, ಪಕ್ಕದವನ ನೆಟ್ಟು ಹಾಗೇ ಉಳಿಯುವುದಕ್ಕೂ ಏನು ಕಾರಣ? ಈ ಪ್ರಶ್ನೆಯ ಉತ್ತರದ ದೊಡ್ಡ ಪಾಲು ಕಣ್ಣಿಗೆ ಕಾಣದ ಪುಡಿಯೊಂದರಲ್ಲಿದೆ, ಅದಕ್ಕಿಂತಲೂ ಹೆಚ್ಚಾಗಿ ಆ ಪುಡಿಯ ಒಂದೊಂದು ಕಣದ ಮೇಲೆ ಬಳಿದ ಲೇಪದಲ್ಲಿದೆ. ಲೋಹದ ಆಕ್ಸೈಡುಗಳ ನ್ಯಾನೊ ಕಣಗಳನ್ನು ಹೇಗೆ ಮಾಡುತ್ತಾರೆ, ಪ್ಲಾಸ್ಟಿಕ್ಕಿಗೆ ಸೇರಿಸುವ ಮುನ್ನ ಅವುಗಳ ಮೇಲ್ಮೈಯನ್ನು ಹೇಗೆ ಬದಲಿಸುತ್ತಾರೆ ಎಂಬುದು ಈ ಉಪನ್ಯಾಸದ ವಿಷಯ.

ಮೊದಲು ಬಿಸಿಲಿನ ವಿಚಾರ. ಈ ನಾಲ್ಕೂ ತಾಲ್ಲೂಕುಗಳು 16 ಡಿಗ್ರಿ ಉತ್ತರ ಅಕ್ಷಾಂಶವನ್ನು ಸ್ವಲ್ಪ ದಾಟಿದ ಜಾಗದಲ್ಲಿವೆ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದ ಸುಮಾರಿಗೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ನಿಲ್ಲುತ್ತಾನೆ. ನೆಲ ಮುಟ್ಟುವ ಬೆಳಕಿನಲ್ಲಿ 295ರಿಂದ 400 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣಗಳ ಪಾಲು ಸಣ್ಣದು. ಆದರೆ ಹಾಳು ಮಾಡುವುದು ಆ ಸಣ್ಣ ಪಾಲೇ. ಪ್ಲಾಸ್ಟಿಕ್ ಎಂದರೆ ಇಂಗಾಲದ ಪರಮಾಣುಗಳು ಕೈಹಿಡಿದು ನಿಂತ ಉದ್ದನೆಯ ಸರಪಳಿ. ಅಂಥ ಒಂದು ಬಂಧವನ್ನು ಕಡಿಯಲು ಪ್ರತಿ ಮೋಲಿಗೆ ಸುಮಾರು 347 ಕಿಲೋಜೂಲ್ ಶಕ್ತಿ ಬೇಕು. 300 ನ್ಯಾನೊಮೀಟರ್ ಬೆಳಕು ತರುವ ಶಕ್ತಿ ಸುಮಾರು 399 ಕಿಲೋಜೂಲ್. ಬೆಳಕನ್ನು ಹೀರುವ ಒಂದು ಕಲ್ಮಶವೋ ದೋಷವೋ ಸರಪಳಿಯಲ್ಲಿ ಇದ್ದರೆ ಸಾಕು, ಅಲ್ಲಿಂದ ಒಡಕು ಶುರುವಾಗುತ್ತದೆ. ಗಾಳಿಯ ಆಮ್ಲಜನಕ ಬಂದು ಸೇರಿಕೊಂಡು ಒಂದು ಒಡಕನ್ನು ಹತ್ತು ಮಾಡುತ್ತದೆ. ಪೈಪಿನ ಮೈ ಹಳದಿಯಾಗುತ್ತದೆ, ನೆಟ್ಟಿನ ಎಳೆ ಕೈಯಲ್ಲಿ ಪುಡಿಯಾಗುತ್ತದೆ.

ಇದನ್ನು ತಡೆಯುವ ಹಳೆಯ ಉಪಾಯ ಕಾಡಿಗೆಯಂಥ ಕಾರ್ಬನ್ ಬ್ಲ್ಯಾಕ್. ಪಾಲಿಎಥಿಲೀನ್ ಪೈಪುಗಳ ಭಾರತೀಯ ಮಾನಕ ಐಎಸ್ 4984 ತೂಕದಲ್ಲಿ ಶೇ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಇರಬೇಕೆನ್ನುತ್ತದೆ, ಅರ್ಧ ಶೇಕಡ ಆಚೀಚೆ. ಡ್ರಿಪ್ಪಿನ ಲ್ಯಾಟರಲ್ ಕಪ್ಪಗಿರುವುದು ಇದಕ್ಕಾಗಿ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕಪ್ಪು ಪೈಪಿಗೆ ನ್ಯಾನೊ ಆಕ್ಸೈಡಿನ ಅಗತ್ಯ ಇಲ್ಲ. ಕಾರ್ಬನ್ ಬ್ಲ್ಯಾಕ್ ಅಗ್ಗದ್ದು, ಪಳಗಿದ್ದು, ಕೆಲಸ ಮಾಡುವಂಥದ್ದು. ಆಕ್ಸೈಡುಗಳ ಸರದಿ ಬರುವುದು ಕಪ್ಪು ಸಲ್ಲದ ಕಡೆ: ಬೂದು ಬಣ್ಣದ ಪಿವಿಸಿ ಪೈಪು, ಬಿಳಿ ಟ್ಯಾಂಕು, ಬಣ್ಣದ ನೆಟ್ಟು, ಬೆಳಕು ಒಳಗೆ ಬಿಡಲೇಬೇಕಾದ ಪಾಲಿಹೌಸಿನ ಹಾಳೆ.

ಅಲ್ಲಿ ಮೊದಲ ಹೆಸರು ಟೈಟೇನಿಯಂ ಡೈಆಕ್ಸೈಡ್. ಸುಮಾರು 1916ರಿಂದ ಇದು ಕಾರ್ಖಾನೆಯ ಸರಕಾಯಿತು, ಬಣ್ಣದ ಉದ್ಯಮದಲ್ಲಿ ಸೀಸದ ಬಿಳಿಯನ್ನು ನಿಧಾನಕ್ಕೆ ಹಿಂದೆ ತಳ್ಳಿತು. ಇದರ ಅದಿರು ಇಲ್ಮೆನೈಟ್, ಕೇರಳದ ಕಡಲ ಮರಳಿನಲ್ಲೇ ಇದೆ. ಕೊಲ್ಲಂ ಜಿಲ್ಲೆಯ ಚವರದಲ್ಲಿ ಕೇರಳ ಸರ್ಕಾರದ ಕೆಎಂಎಂಎಲ್ ಕಾರ್ಖಾನೆ ಈ ಮರಳಿನಿಂದ ಕ್ಲೋರೈಡ್ ವಿಧಾನದಲ್ಲಿ ಟೈಟೇನಿಯಂ ಬಿಳಿ ತಯಾರಿಸುತ್ತದೆ. ಅದಿರನ್ನು ಕ್ಲೋರಿನ್ನಿನೊಂದಿಗೆ ಕಾಯಿಸಿ ಟೈಟೇನಿಯಂ ಟೆಟ್ರಾಕ್ಲೋರೈಡ್ ಎಂಬ ದ್ರವ ಮಾಡಿಕೊಂಡು, ಅದನ್ನು ಆಮ್ಲಜನಕದಲ್ಲಿ ಸುಟ್ಟರೆ ಬಿಳಿ ಪುಡಿ ಉದುರುತ್ತದೆ. ತಿರುವನಂತಪುರದ ಟ್ರಾವಂಕೂರ್ ಟೈಟೇನಿಯಂ ಪ್ರಾಡಕ್ಟ್ಸ್ ಅನುಸರಿಸುವುದು ಹಳೆಯ ಸಲ್ಫೇಟ್ ವಿಧಾನ, ಅಂದರೆ ಅದಿರನ್ನು ಗಂಧಕಾಮ್ಲದಲ್ಲಿ ಕರಗಿಸುವುದು.

ಈ ಪುಡಿಗೆ ಎರಡು ಮುಖ್ಯ ಹರಳು ರೂಪಗಳಿವೆ, ರೂಟೈಲ್ ಮತ್ತು ಅನಟೇಸ್. ರೂಟೈಲಿನ ವಕ್ರೀಭವನ ಸೂಚ್ಯಂಕ ಸುಮಾರು 2.7, ಪಾಲಿಎಥಿಲೀನಿನದು 1.5. ಈ ಅಂತರ ದೊಡ್ಡದಾದ್ದರಿಂದ ಬೆಳಕು ಪ್ರತಿ ಕಣದ ಬಳಿಯೂ ದಿಕ್ಕು ತಪ್ಪುತ್ತದೆ, ವಸ್ತು ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಕಾಣಬೇಕಾದರೆ ಕಣದ ಗಾತ್ರ 200ರಿಂದ 300 ನ್ಯಾನೊಮೀಟರ್ ಇರಬೇಕು. ಅದನ್ನೇ 100ಕ್ಕಿಂತ ಕೆಳಗೆ, 20 ಅಥವಾ 30 ನ್ಯಾನೊಮೀಟರಿಗೆ ಇಳಿಸಿದರೆ ಕಣ್ಣಿಗೆ ಕಾಣುವ ಬೆಳಕು ಸಲೀಸಾಗಿ ದಾಟಿ ಹೋಗುತ್ತದೆ, ಬಿಳುಪು ಮಾಯವಾಗುತ್ತದೆ. ಆದರೆ ನೇರಳಾತೀತ ಕಿರಣವನ್ನು ನುಂಗುವ ಗುಣ ಹಾಗೇ ಉಳಿಯುತ್ತದೆ. ರೂಟೈಲ್ ಸುಮಾರು 413 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ್ದನ್ನೂ, ಅನಟೇಸ್ 388ಕ್ಕಿಂತ ಕಡಿಮೆಯದನ್ನೂ, ಜಿಂಕ್ ಆಕ್ಸೈಡ್ 370ರ ಆಸುಪಾಸಿಗಿಂತ ಕಡಿಮೆಯದನ್ನೂ ಹೀರುತ್ತವೆ. ಪಾಲಿಹೌಸಿನ ಹಾಳೆಗೆ ಬೇಕಾದದ್ದು ಇದೇ: ಗಿಡಕ್ಕೆ ಬೆಳಕು ಸಿಗಬೇಕು, ಹಾಳೆಗೆ ಏಟು ಬೀಳಬಾರದು.

ಇಷ್ಟು ಕೇಳಿದವರಿಗೆ ಕೆಲಸ ಸುಲಭ ಅನಿಸಬಹುದು. ನ್ಯಾನೊ ಪುಡಿ ಮಾಡು, ಪ್ಲಾಸ್ಟಿಕ್ಕಿನಲ್ಲಿ ಕಲಸು, ಮುಗಿಯಿತು. ಹಾಗೆ ಮಾಡಿದರೆ ಪ್ಲಾಸ್ಟಿಕ್ ಏನೂ ಬೆರೆಸದ್ದಕ್ಕಿಂತ ಬೇಗ ಹಾಳಾಗುವ ಸಾಧ್ಯತೆಯೇ ಹೆಚ್ಚು.

ಕಾರಣ ತಿಳಿಯಲು ಮೊದಲು ಇಂಥ ಪುಡಿ ಹುಟ್ಟುವ ಬಗೆ ನೋಡಬೇಕು, ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಜೈವಿಕ ಮತ್ತು ಭೌತ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊ. ಕೆ.ಸಿ. ಪಾಟೀಲರು ಮತ್ತು ಜೆ.ಜೆ. ಕಿಂಗ್ಸ್‌ಲಿ 1988ರಲ್ಲಿ ‘ಮೆಟೀರಿಯಲ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದ ಪ್ರಯೋಗದ ಸರಳತೆ ಈಗಲೂ ಬೆರಗು ಹುಟ್ಟಿಸುತ್ತದೆ. ಸುಮಾರು 20 ಗ್ರಾಂ ಅಲ್ಯುಮಿನಿಯಂ ನೈಟ್ರೇಟಿಗೆ 8 ಗ್ರಾಂ ಯೂರಿಯಾ. ಎರಡನ್ನೂ ತುಸುವೇ ನೀರಿನಲ್ಲಿ ಕರಗಿಸಿ ಗಾಜಿನ ಅಗಲ ಪಾತ್ರೆಯಲ್ಲಿ ಹಾಕಿ, 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕುಲುಮೆಯೊಳಗೆ ಇಡುವುದು. ದ್ರಾವಣ ಕುದಿಯುತ್ತದೆ, ನೊರೆಗಟ್ಟಿ ಉಬ್ಬುತ್ತದೆ, ತಟ್ಟನೆ ಹೊತ್ತಿಕೊಂಡು ಪ್ರಖರವಾಗಿ ಉರಿಯುತ್ತದೆ. ಕುಲುಮೆ 500 ಡಿಗ್ರಿಯಲ್ಲೇ ಇದ್ದರೂ ಆ ಜ್ವಾಲೆಯ ಉಷ್ಣತೆ 1,500 ಡಿಗ್ರಿ ದಾಟುತ್ತದೆ. ಐದು ನಿಮಿಷದೊಳಗೆ ಪಾತ್ರೆ ತುಂಬ ಹಗುರವಾದ ಬಿಳಿ ನೊರೆ ಉಳಿಯುತ್ತದೆ. ಅದು ಆಲ್ಫಾ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಹಳೆಯ ದಾರಿಯಲ್ಲಿ ಇದನ್ನೇ ಪಡೆಯಲು ಹೈಡ್ರಾಕ್ಸೈಡನ್ನು 1,100 ಡಿಗ್ರಿಗಿಂತ ಮೇಲೆ ತಾಸುಗಟ್ಟಲೆ ಕಾಯಿಸಬೇಕು.

ಯೂರಿಯಾ ಎಂದರೆ ಹೊಲಕ್ಕೆ ಚೆಲ್ಲುವ ಅದೇ ಯೂರಿಯಾ. ಇಲ್ಲಿ ಅದು ಉರುವಲು, ನೈಟ್ರೇಟ್ ಅದಕ್ಕೆ ಆಮ್ಲಜನಕ ಒದಗಿಸುತ್ತದೆ. ಎರಡರ ಪ್ರಮಾಣವನ್ನು ಅಂದಾಜಿನ ಮೇಲೆ ಹಾಕಿದ್ದಲ್ಲ. ರಾಕೆಟ್ಟಿನ ಘನ ಇಂಧನದಲ್ಲಿ ಉರುವಲು ಎಷ್ಟು, ಉತ್ಕರ್ಷಕ ಎಷ್ಟು ಎಂದು ಲೆಕ್ಕ ಹಾಕುವ ಸುಲಭ ಸೂತ್ರವನ್ನು ಅದೇ ಸಂಸ್ಥೆಯ ಎಸ್.ಆರ್. ಜೈನ್, ಕೆ.ಸಿ. ಅಡಿಗ, ವಿ.ಆರ್. ಪೈ ವರ್ಣೇಕರ್ 1981ರಲ್ಲಿ ಕೊಟ್ಟಿದ್ದರು. ರಾಕೆಟ್ಟಿನ ಲೆಕ್ಕ ಪುಡಿ ತಯಾರಿಕೆಗೆ ಬಂತು. ಆ ಲೆಕ್ಕದ ಪ್ರಕಾರ ಎರಡು ಅಣು ಅಲ್ಯುಮಿನಿಯಂ ನೈಟ್ರೇಟಿಗೆ ಐದು ಅಣು ಯೂರಿಯಾ ಸೇರಿದರೆ ಒಂದು ಅಣು ಅಲ್ಯುಮಿನಾ ಹುಟ್ಟುತ್ತದೆ. ಜೊತೆಗೆ, ಹರಳಿನೊಳಗಿನ ನೀರನ್ನೂ ಸೇರಿಸಿದರೆ, 41 ಅಣು ಅನಿಲ ಮತ್ತು ಆವಿ ಹೊರಗೆ ಹೋಗುತ್ತವೆ. ಆ ಅನಿಲದ ನೂಕಾಟವೇ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗದಂತೆ ಬಿಡಿಸಿಡುತ್ತದೆ. ಉರುವಲು ಬದಲಿಸಿದರೆ ಕಣದ ಗಾತ್ರ ಬದಲಾಗುತ್ತದೆ. ಯೂರಿಯಾದ ಜಾಗದಲ್ಲಿ ಗ್ಲೈಸಿನ್, ಸಿಟ್ರಿಕ್ ಆಮ್ಲ, ಕೊನೆಗೆ ಸಕ್ಕರೆಯನ್ನೂ ಬಳಸಿದವರಿದ್ದಾರೆ. ಈ ವಿಧಾನ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ‘ದ್ರಾವಣ ದಹನ ಸಂಶ್ಲೇಷಣೆ’ ಎಂದು ನೆಲೆಯೂರಿದೆ. ಪಾಟೀಲ, ಎಂ.ಎಸ್. ಹೆಗಡೆ, ತನು ರತ್ತನ್, ಎಸ್.ಟಿ. ಅರುಣಾ ಸೇರಿ ಬರೆದ ಪುಸ್ತಕ 2008ರಲ್ಲಿ ಬಂತು. ಕರ್ನಾಟಕದ ನೆಲದಲ್ಲಿ ಹುಟ್ಟಿದ ಇಂಥ ವಿದ್ಯೆ ಕರ್ನಾಟಕದ ಪದವಿ ತರಗತಿಗಳಲ್ಲಿ ಒಂದು ಪೂರ್ಣ ಪಾಠವಾಗಬೇಕಿತ್ತು.

ಒಂದು ಎಚ್ಚರಿಕೆ: ನೈಟ್ರೇಟ್ ಮತ್ತು ಉರುವಲು ಸೇರಿದ್ದು ಆಟದ ವಸ್ತುವಲ್ಲ. ಪ್ರಮಾಣ ತಪ್ಪಿದರೆ ಕಂದು ಬಣ್ಣದ ವಿಷದ ಹೊಗೆ ಬರುತ್ತದೆ, ಸಿಡಿಯಲೂಬಹುದು. ಹೊಗೆ ಸೆಳೆಯುವ ವ್ಯವಸ್ಥೆಯಿರುವ ಪ್ರಯೋಗಾಲಯದಲ್ಲಿ, ತಿಳಿದವರ ಮುಂದೆ, ಸಣ್ಣ ಪ್ರಮಾಣದಲ್ಲಿ ಮಾತ್ರ ಮಾಡಬೇಕಾದ ಪ್ರಯೋಗ ಇದು.

ಇದೇ ದಾರಿಯಲ್ಲಿ ಕೆ. ನಾಗವೇಣಿ, ಜಿ. ಶಿವಲಿಂಗಂ, ಎಂ.ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಅವರು ಟೈಟಾನೈಲ್ ನೈಟ್ರೇಟ್ ಮತ್ತು ಗ್ಲೈಸಿನ್ ಉರಿಸಿ 8ರಿಂದ 10 ನ್ಯಾನೊಮೀಟರಿನ ಶುದ್ಧ ಅನಟೇಸ್ ಕಣಗಳನ್ನು ಪಡೆದರು. ಅವರ ಪ್ರಬಂಧಗಳು 2004ರಲ್ಲಿ ಪ್ರಕಟವಾದವು. ಮೆಥಿಲೀನ್ ಬ್ಲೂ, ಕಾಂಗೋ ರೆಡ್, ಇಂಡಿಗೊ ಕಾರ್ಮೈನ್ ಮುಂತಾದ ಬಣ್ಣಗಳ ನೀರಿನಲ್ಲಿ ಈ ಪುಡಿ ಕಲಸಿ ಬಿಸಿಲಿಗೆ ಇಟ್ಟರೆ ಬಣ್ಣ ಕರಗಿ ನೀರು ತಿಳಿಯಾಗುತ್ತದೆ, ಅದೂ ಪೇಟೆಯಲ್ಲಿ ಹೆಸರಾದ ಜರ್ಮನಿಯ ಟೈಟೇನಿಯಂ ಪುಡಿಗಿಂತ ಬೇಗ. ನೂಲಿಗೆ ಬಣ್ಣ ಹಾಕಿ ಸೀರೆ ನೇಯುವ ರಬಕವಿ-ಬನಹಟ್ಟಿಗೆ ಇದು ಹತ್ತಿರದ ಸುದ್ದಿ. ಬಣ್ಣದ ಕಡಾಯಿಯಿಂದ ಹೊರಬೀಳುವ ನೀರನ್ನು ಸೂರ್ಯನಿಂದಲೇ ತಿಳಿಗೊಳಿಸುವ ದಾರಿಯೊಂದು ಕನ್ನಡ ನಾಡಿನ ಪ್ರಯೋಗಾಲಯದಲ್ಲೇ ತೆರೆದಿದೆ.

ಆದರೆ ಬಣ್ಣದ ಅಣುವನ್ನು ಒಡೆಯುವ ಕಣ ಪ್ಲಾಸ್ಟಿಕ್ಕಿನ ಅಣುವನ್ನು ಬಿಡುತ್ತದೆಯೆ? ಬಿಡುವುದಿಲ್ಲ. ಬೆಳಕು ಹೀರಿದ ಟೈಟೇನಿಯಂ ಡೈಆಕ್ಸೈಡಿನೊಳಗೆ ಒಂದು ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ, ಅದು ಬಿಟ್ಟ ಜಾಗ ಖಾಲಿ ಉಳಿಯುತ್ತದೆ. ಎರಡೂ ಮೇಲ್ಮೈಗೆ ಬಂದು ಅಲ್ಲಿರುವ ನೀರು ಮತ್ತು ಆಮ್ಲಜನಕವನ್ನು ಮುಟ್ಟಿ ಹೈಡ್ರಾಕ್ಸಿಲ್ ಮೊದಲಾದ ಉಗ್ರ ತುಣುಕುಗಳನ್ನು ಹುಟ್ಟಿಸುತ್ತವೆ. ಟೈಟೇನಿಯಂ ಡೈಆಕ್ಸೈಡಿನ ಈ ಶಕ್ತಿಯನ್ನು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ನೀರನ್ನೇ ಒಡೆದು ತೋರಿಸಿ ಜಗತ್ತಿನ ಗಮನ ಸೆಳೆದರು. ಗೋಡೆಬಣ್ಣ ತಯಾರಿಸುವವರು ಅದಕ್ಕೂ ಎಷ್ಟೋ ಮೊದಲೇ ಇದರ ಪೆಟ್ಟು ತಿಂದಿದ್ದರು. ಟೈಟೇನಿಯಂ ಬಿಳಿ ಬಳಿದ ಗೋಡೆ ಕೆಲವು ವರ್ಷಕ್ಕೆ ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತಿತ್ತು. ಕಣದ ಸುತ್ತಲಿನ ರಾಳವನ್ನು ಕಣವೇ ತಿಂದುಹಾಕುತ್ತಿತ್ತು. ಕಾಪಾಡುವುದು, ಕೊಲ್ಲುವುದು ಎರಡೂ ಒಂದೇ ಪುಡಿಯ ಕೆಲಸ. ಯಾವುದನ್ನು ಮಾಡುತ್ತದೆ ಎಂಬುದನ್ನು ತೀರ್ಮಾನಿಸುವುದು ಮೇಲ್ಮೈ.

ಆ ಮೇಲ್ಮೈ ಎಷ್ಟು ದೊಡ್ಡದು? ಗೋಲಿಯಾಕಾರದ ಕಣ ಎಂದು ಹಿಡಿದು ಲೆಕ್ಕ ಹಾಕಬಹುದು. ರೂಟೈಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 4.2 ಗ್ರಾಂ. 250 ನ್ಯಾನೊಮೀಟರಿನ ಕಣಗಳಾದರೆ ಒಂದು ಗ್ರಾಂ ಪುಡಿಯ ಒಟ್ಟು ಮೇಲ್ಮೈ ಆರು ಚದರ ಮೀಟರಿಗಿಂತ ಕಡಿಮೆ. ಅದೇ 20 ನ್ಯಾನೊಮೀಟರಿಗೆ ಇಳಿಸಿದರೆ ಸುಮಾರು 70 ಚದರ ಮೀಟರ್. ಎರಡು ಗ್ರಾಂ ಪುಡಿಯ ಮೇಲ್ಮೈಯನ್ನು ಹಾಸಿದರೆ 30 ಅಡಿಗೆ 40 ಅಡಿಯ ಒಂದು ಸೈಟು ಮುಚ್ಚಿಯೂ ಮಿಗುತ್ತದೆ. ಇಷ್ಟೂ ಜಾಗಕ್ಕೆ ಲೇಪ ಬಳಿಯಬೇಕು, ಒಂದು ಚೂರೂ ಬಿಡದಂತೆ. ಗಾತ್ರ ಹನ್ನೆರಡು ಪಟ್ಟು ಇಳಿದರೆ ಲೇಪದ ಖರ್ಚು ಅಷ್ಟೇ ಪಟ್ಟು ಏರುತ್ತದೆ. ‘ನ್ಯಾನೊ’ ಎಂದು ಚೀಲದ ಮೇಲೆ ಬರೆಯುವುದು ಸುಲಭ. ಆ ಗಾತ್ರಕ್ಕೆ ತಕ್ಕ ಲೇಪ ಕೊಡುವುದು ದುಬಾರಿ.

ಲೇಪ ಸಾಮಾನ್ಯವಾಗಿ ಎರಡು ಹಂತದ್ದು. ಮೊದಲನೆಯದು ಖನಿಜದ ಲೇಪ, ಕಣದ ಉಗ್ರ ಗುಣವನ್ನು ಒಳಗೇ ಕೂಡಿಹಾಕಲು. ಎರಡನೆಯದು ಸಾವಯವ ಲೇಪ, ಕಣವು ಪ್ಲಾಸ್ಟಿಕ್ಕಿನ ಜೊತೆ ಹೊಂದಿಕೊಳ್ಳಲು.

ಮೊದಲ ಹಂತದ ಹಿರಿಯ ಹೆಸರು ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಲ್ಫ್ ಐಲರ್. ಕಣಗಳ ಮೇಲೆ ದಟ್ಟವಾದ ಸಿಲಿಕಾ ಪದರ ಹೊದಿಸುವ ವಿಧಾನಕ್ಕೆ ಅವರಿಗೆ 1959ರಲ್ಲಿ ಪೇಟೆಂಟ್ ಸಿಕ್ಕಿತು. ಪುಡಿಯನ್ನು ನೀರಿನಲ್ಲಿ ಚೆನ್ನಾಗಿ ಬಿಡಿಸಿ, ಸುಮಾರು 80-90 ಡಿಗ್ರಿಗೆ ಬಿಸಿ ಮಾಡಿ, ಕ್ಷಾರೀಯ ಸ್ಥಿತಿಯಲ್ಲಿಟ್ಟು, ಸೋಡಿಯಂ ಸಿಲಿಕೇಟ್ ಮತ್ತು ಆಮ್ಲವನ್ನು ನಿಧಾನವಾಗಿ ಬಿಡುತ್ತಾರೆ. ನಿಧಾನ ಎಂಬುದೇ ಇಲ್ಲಿನ ಗುಟ್ಟು. ಅವಸರ ಮಾಡಿದರೆ ಸಿಲಿಕಾ ನೀರಿನಲ್ಲಿಯೇ ಪ್ರತ್ಯೇಕ ಮುದ್ದೆಯಾಗುತ್ತದೆ, ಕಣ ಬರಿಮೈಯಲ್ಲಿ ಉಳಿಯುತ್ತದೆ. ತಾಳ್ಮೆಯಿಂದ ಮಾಡಿದರೆ ಪ್ರತಿ ಕಣದ ಸುತ್ತ ಕೆಲವೇ ನ್ಯಾನೊಮೀಟರ್ ದಪ್ಪದ ಗಾಜಿನಂಥ ಪದರ ಕೂರುತ್ತದೆ. ಅದರ ಮೇಲೆ ಸೋಡಿಯಂ ಅಲ್ಯುಮಿನೇಟಿನಿಂದ ಅಲ್ಯುಮಿನಾ ಪದರ ಕೊಡುವುದೂ ರೂಢಿ. ಸಿಲಿಕಾದ ಮೈಗೆ ನೀರಿನಲ್ಲಿ ಋಣ ವಿದ್ಯುದಂಶ, ಅಲ್ಯುಮಿನಾದ ಮೈಗೆ ತಟಸ್ಥ ನೀರಿನಲ್ಲಿ ಧನ ವಿದ್ಯುದಂಶ. ಈ ವ್ಯತ್ಯಾಸವೇ ಎರಡನೆಯ ಪದರವನ್ನು ಮೊದಲನೆಯದಕ್ಕೆ ಅಂಟಿಸುತ್ತದೆ. ಆಮೇಲೆ ತೊಳೆದು, ಸೋಸಿ, ಒಣಗಿಸುವ ಕೆಲಸ. ಉಳಿದ ಉಪ್ಪು ಹೋಗುವವರೆಗೆ ತೊಳೆಯಬೇಕು. ಈ ಹಂತ ನೀರನ್ನು ಬಹಳ ಬೇಡುತ್ತದೆ.

ಎರಡನೆಯ ಹಂತ ಏಕೆ ಬೇಕು? ಆಕ್ಸೈಡಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಅವು ನೀರನ್ನು ಪ್ರೀತಿಸುತ್ತವೆ, ಎಣ್ಣೆಯ ಜಾತಿಯ ಪಾಲಿಎಥಿಲೀನನ್ನು ದೂರ ಇಡುತ್ತವೆ. ಹಾಗಾಗಿ ಕಣಗಳು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಒಂದನ್ನೊಂದು ಹಿಡಿದುಕೊಂಡು ಉಂಡೆಯಾಗುತ್ತವೆ. 20 ನ್ಯಾನೊಮೀಟರಿನ ಕಣಗಳು ಉಂಡೆಗಟ್ಟಿ ಐದು ಮೈಕ್ರೊಮೀಟರ್ ಆದರೆ ಅದು ನ್ಯಾನೊ ಅಲ್ಲ, ಪ್ಲಾಸ್ಟಿಕ್ಕಿನೊಳಗೆ ಸೇರಿದ ಹರಳು. ಪೈಪಿನ ಮೇಲೆ ಒತ್ತಡ ಬಿದ್ದಾಗ ಬಿರುಕು ಶುರುವಾಗುವುದು ಅಂಥ ಜಾಗದಿಂದಲೇ. ಇದನ್ನು ತಡೆಯಲು ಕಣಕ್ಕೆ ಸಿಲೇನ್ ಎಂಬ ಅಣುಗಳನ್ನು ಕಟ್ಟುತ್ತಾರೆ. ಆಕ್ಟೈಲ್ ಟ್ರೈಎಥಾಕ್ಸಿ ಸಿಲೇನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಒಂದು ತುದಿಯ ಎಥಾಕ್ಸಿ ಗುಂಪುಗಳು ನೀರಿನ ಸಂಗದಲ್ಲಿ ಒಡೆದು ಕಣದ ಹೈಡ್ರಾಕ್ಸಿಲ್‌ಗಳ ಜೊತೆ ಗಟ್ಟಿ ಬಂಧ ಮಾಡಿಕೊಳ್ಳುತ್ತವೆ. ಇನ್ನೊಂದು ತುದಿಯ ಎಂಟು ಇಂಗಾಲದ ಬಾಲ ಹೊರಕ್ಕೆ ಚಾಚಿ ಪಾಲಿಎಥಿಲೀನಿನೊಳಗೆ ಬೆರೆಯುತ್ತದೆ. ಎಪಾಕ್ಸಿ ಅಥವಾ ನೈಲಾನಿಗಾದರೆ ಅಮಿನೊ ಗುಂಪಿರುವ ಸಿಲೇನ್, ಅಕ್ರಿಲಿಕ್‌ಗಾದರೆ ಮೆಥಾಕ್ರಿಲಾಕ್ಸಿ ಗುಂಪಿನದು. ಎಲ್ಲ ಪ್ಲಾಸ್ಟಿಕ್ಕಿಗೂ ಒಂದೇ ಲೇಪ ಎಂಬುದಿಲ್ಲ.

ಲೇಪ ಕೂತಿದೆಯೋ ಇಲ್ಲವೋ ಎಂದು ನೋಡಲು ಕಾಲೇಜು ಹುಡುಗರೂ ಮಾಡಬಹುದಾದ ಪರೀಕ್ಷೆಯಿದೆ. ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಲೇಪವಿಲ್ಲದ್ದು ನೆನೆದು ಮುಳುಗುತ್ತದೆ. ಸಿಲೇನ್ ಹೊದ್ದದ್ದು ಕಲಕಿದರೂ ಮೇಲೆ ತೇಲುತ್ತದೆ. ಎಷ್ಟು ಲೇಪ ಕೂತಿದೆ ಎಂಬುದನ್ನು ಅಳೆಯಲು ಪುಡಿಯನ್ನು ತೂಗುತ್ತಲೇ ಕಾಯಿಸಿ, ಸುಟ್ಟುಹೋದ ಸಾವಯವ ಭಾಗದ ತೂಕ ಕಂಡುಹಿಡಿಯುವ ಯಂತ್ರಗಳಿವೆ. ಕಣದ ಉಗ್ರತೆ ಇಳಿದಿದೆಯೇ ಎಂಬುದಕ್ಕೆ ಮತ್ತೆ ಅದೇ ಮೆಥಿಲೀನ್ ಬ್ಲೂ ನೀರು ಸಾಕ್ಷಿ. ಖನಿಜದ ಲೇಪವಷ್ಟೇ ಆಗಿ ಇನ್ನೂ ನೀರಿನಲ್ಲಿ ಬೆರೆಯುವ ಹಂತದಲ್ಲೇ ಪುಡಿ ಕಲಸಿ ಬಿಸಿಲಿಗಿಟ್ಟು ನೋಡಬೇಕು. ಬಣ್ಣ ಉಳಿದರೆ ಆ ಪುಡಿ ಪ್ಲಾಸ್ಟಿಕ್ಕಿಗೆ ಯೋಗ್ಯ, ಬಣ್ಣ ಹೋದರೆ ಅದು ಬಣ್ಣದ ನೀರಿಗಷ್ಟೇ ಯೋಗ್ಯ. ಮುಧೋಳದ ರೈತನಿಗೆ ಬೇಕಾದ ಪುಡಿ ಮತ್ತು ಬನಹಟ್ಟಿಯ ಬಣ್ಣದವನಿಗೆ ಬೇಕಾದ ಪುಡಿ ಒಂದೇ ಕುಲುಮೆಯಿಂದ ಬಂದರೂ ಇಲ್ಲಿಗೆ ದಾರಿ ಬೇರೆ.

ಜಿಂಕ್ ಆಕ್ಸೈಡಿನ ವಿಚಾರದಲ್ಲಿ ಇನ್ನೊಂದು ತೊಡಕಿದೆ, ಪೈಪು ಕೊಳ್ಳುವವರಿಗೂ ಮಾರುವವರಿಗೂ ತಿಳಿದಿರಬೇಕಾದದ್ದು. ಜಿಂಕ್ ಆಕ್ಸೈಡ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಪಾಲಿಎಥಿಲೀನ್ ಹಾಳೆಗೆ ಒಳ್ಳೆಯದು. ಆದರೆ ಪಿವಿಸಿಯಲ್ಲಿ ಕ್ಲೋರಿನ್ ಇದೆ. ಪಿವಿಸಿ ಕಾದಾಗ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಅದು ಸತುವಿನ ಜೊತೆ ಸೇರಿ ಜಿಂಕ್ ಕ್ಲೋರೈಡ್ ಆಗುತ್ತದೆ. ಜಿಂಕ್ ಕ್ಲೋರೈಡ್ ಪಿವಿಸಿಯಿಂದ ಇನ್ನಷ್ಟು ಕ್ಲೋರಿನ್ ಕೀಳುವ ವೇಗವರ್ಧಕ. ಸರಪಳಿ ಕ್ರಿಯೆ ಶುರುವಾದರೆ ಪ್ಲಾಸ್ಟಿಕ್ ಯಂತ್ರದೊಳಗೇ ಒಮ್ಮೆಲೆ ಕರ್ರಗಾಗುತ್ತದೆ. ತಯಾರಕರು ಇದನ್ನು ಜಿಂಕ್ ಬರ್ನಿಂಗ್ ಎನ್ನುತ್ತಾರೆ. ಕಬ್ಬಿಣದ ಆಕ್ಸೈಡಿನದೂ ಪಿವಿಸಿಯಲ್ಲಿ ಹೀಗೇ ತಂಟೆ. ಹಾಗಾಗಿ ಪಿವಿಸಿ ಪೈಪಿಗೆ ಲೇಪವಿರುವ ರೂಟೈಲೇ ಸರಿ.

ಪೈಪಿನ ರಸಾಯನದಲ್ಲಿ ಈಚೆಗೆ ಆದ ದೊಡ್ಡ ಬದಲಾವಣೆಯೂ ಇದಕ್ಕೆ ಹೊಂದಿಕೊಂಡಿದೆ. ಪಿವಿಸಿ ಕಾಯಿಸುವಾಗ ಕೆಡದಂತೆ ದಶಕಗಳ ಕಾಲ ಸೀಸದ ಲವಣ ಬೆರೆಸುತ್ತಿದ್ದರು. ಕುಡಿಯುವ ನೀರಿಗೆ ಸೀಸ ಸೇರುವ ಭಯವಿತ್ತು. ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಪಿವಿಸಿ ಪೈಪು ಮತ್ತು ಫಿಟ್ಟಿಂಗುಗಳಲ್ಲಿ ಸೀಸದ ಬಳಕೆಯನ್ನು ಕೈಬಿಡಿಸುವ ನಿಯಮ ತಂದಿತು. ಈಗ ಆ ಜಾಗದಲ್ಲಿ ಕ್ಯಾಲ್ಸಿಯಂ-ಜಿಂಕ್ ಮಿಶ್ರಣಗಳು ಬಂದಿವೆ. ಅಲ್ಲಿ ಸತುವಿನ ಪಾಲು ಅಳತೆ ಮಾಡಿದ್ದು, ಹುಟ್ಟಿದ ಜಿಂಕ್ ಕ್ಲೋರೈಡನ್ನು ಕ್ಯಾಲ್ಸಿಯಂ ತಟಸ್ಥಗೊಳಿಸುತ್ತದೆ. ಈ ಸೂಕ್ಷ್ಮ ತೂಕದ ಮೇಲೆ ಯಾರಾದರೂ ಲೇಪವಿಲ್ಲದ ಜಿಂಕ್ ಆಕ್ಸೈಡ್ ಸುರಿದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ.

ಪೈಪಿನಲ್ಲಿ ಸುಣ್ಣದಕಲ್ಲಿನ ಪುಡಿಯೂ ಇರುತ್ತದೆ, ಗಟ್ಟಿತನಕ್ಕೆ ಮತ್ತು ಬೆಲೆ ಇಳಿಸಲು. ಅದಕ್ಕೂ ಸ್ಟಿಯರಿಕ್ ಆಮ್ಲದ ಲೇಪ ಕೊಡುತ್ತಾರೆ. ಇದೇ ಭಾಗದ ಲೋಕಾಪುರ, ಮುದ್ದಾಪುರ ಕಡೆಯ ಸುಣ್ಣದಕಲ್ಲು ಈಗ ಸಿಮೆಂಟಿಗೆ ಹೋಗುತ್ತಿದೆ. ಲೇಪಕ್ಕೆ ಬೇಕಾದ ಸಿಲಿಕಾಕ್ಕೂ ದೂರ ಹೋಗಬೇಕಿಲ್ಲ. ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಲ್ಲಿ ಉರಿದ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೇರಳವಾಗಿದೆ. ಆ ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸಿಗುವುದು ಐಲರ್ ಬಳಸಿದ ಅದೇ ಸೋಡಿಯಂ ಸಿಲಿಕೇಟ್. ಕಬ್ಬಿಣದ ಅಂಶ ಮತ್ತು ಇದ್ದಿಲಿನ ಕರಿ ತೆಗೆದು ಶುದ್ಧಗೊಳಿಸುವುದು ಶ್ರಮದ ಕೆಲಸ ನಿಜ. ಆದರೂ ಕಬ್ಬಿನ ನಾಡಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಂಶೋಧನಾ ವಿಷಯ ಸಿಗುವುದು ಕಷ್ಟ.

ಅಪಾಯದ ಮಾತನ್ನೂ ಮುಚ್ಚಿಡಬಾರದು. ಉಸಿರಿನ ಮೂಲಕ ಒಳಗೆ ಹೋಗುವ ಟೈಟೇನಿಯಂ ಡೈಆಕ್ಸೈಡ್ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಯುರೋಪಿನ ಒಕ್ಕೂಟ 2022ರಲ್ಲಿ ಇದನ್ನು ಆಹಾರದ ಬಣ್ಣವಾಗಿ ಬಳಸುವುದನ್ನು ನಿಲ್ಲಿಸಿತು. ಪ್ಲಾಸ್ಟಿಕ್ಕಿನೊಳಗೆ ಹುದುಗಿದ ಕಣ ಗಾಳಿಗೆ ಬರುವುದಿಲ್ಲ, ಆದರೆ ಚೀಲ ಬಿಚ್ಚಿ ಸುರಿಯುವ ಕಾರ್ಮಿಕನ ಮುಂದೆ ದೂಳು ಏಳುತ್ತದೆ. ಅದಕ್ಕೇ ಪುಡಿಯನ್ನು ನೇರ ಬಳಸದೆ, ಮೊದಲೇ ಪ್ಲಾಸ್ಟಿಕ್ಕಿನಲ್ಲಿ ದಟ್ಟವಾಗಿ ಬೆರೆಸಿದ ಕಾಳುಗಳನ್ನು, ಅಂದರೆ ಮಾಸ್ಟರ್‌ಬ್ಯಾಚನ್ನು ಬಳಸುವುದು ಒಳ್ಳೆಯದು. ಕಣಗಳು ಚೆನ್ನಾಗಿ ಬಿಡಿಬಿಡಿಯಾಗುವುದೂ ಹಾಗೆ ಮಾಡಿದಾಗಲೇ. ಹಳೆಯ ನೆಟ್ಟು, ತಾಡಪತ್ರಿಗಳನ್ನು ಬದುವಿನ ಮೇಲೆ ಸುಡುವ ರೂಢಿ ಮಾತ್ರ ನಿಲ್ಲಲೇಬೇಕು. ಸುಟ್ಟಾಗ ಪ್ಲಾಸ್ಟಿಕ್ ಹೋಗುತ್ತದೆ, ಕಣಗಳು ಬೂದಿಯಲ್ಲಿ ಉಳಿದು ಗಾಳಿಗೆ ಹಾರುತ್ತವೆ.

ಪೈಪು, ನೆಟ್ಟು ಕೊಳ್ಳುವವರು ಅಂಗಡಿಯಲ್ಲಿ ನ್ಯಾನೊ ಎಂಬ ಹೆಸರಿಗೆ ಹೆಚ್ಚಿನ ದುಡ್ಡು ಕೊಡುವ ಮುನ್ನ ಮೂರು ವಿಷಯ ಕೇಳಬೇಕು: ಯಾವ ಆಕ್ಸೈಡು, ತೂಕದಲ್ಲಿ ಎಷ್ಟು ಶೇಕಡ, ಮೇಲೆ ಯಾವ ಲೇಪ. ಪಿವಿಸಿ ಪೈಪಾದರೆ ಐಎಸ್ 4985 ಗುರುತು, ಡ್ರಿಪ್ ಲ್ಯಾಟರಲ್ ಆದರೆ ಐಎಸ್ 12786 ಗುರುತು ಇದೆಯೇ ಎಂದು ನೋಡಬೇಕು. ಉತ್ತರ ಸಿಗದಿದ್ದರೆ ಆ ಸರಕು ಬೇಡ.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳಿಗೆ ಒಂದು ಮನವಿ. ಪೇಟೆಯಲ್ಲಿ ಸಿಗುವ ಪೈಪು, ನೆಟ್ಟು, ಹಾಳೆಗಳ ತುಂಡುಗಳನ್ನು ತಂದು ಕಾಲೇಜಿನ ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖಮಾಡಿ, 16 ಡಿಗ್ರಿ ಓರೆಯಾಗಿ ನಿಲ್ಲಿಸಿದ ಚೌಕಟ್ಟಿಗೆ ಕಟ್ಟಿರಿ. ಅದೇ ಸರಕಿನ ಇನ್ನೊಂದು ತುಂಡನ್ನು ಕಪಾಟಿನ ಕತ್ತಲೆಯಲ್ಲಿಡಿರಿ. ಮೂರು ತಿಂಗಳಿಗೊಮ್ಮೆ ಎರಡನ್ನೂ ಎಳೆದು, ಹರಿಯುವ ಮುನ್ನ ಎಷ್ಟು ಹಿಗ್ಗುತ್ತವೆ ಎಂದು ಅಳೆಯಿರಿ. ಬಿಸಿಲಿನ ತುಂಡಿನ ಹಿಗ್ಗು ಮೊದಲಿದ್ದದ್ದರ ಅರ್ಧಕ್ಕೆ ಇಳಿದ ದಿನ ಅದರ ಆಯುಷ್ಯ ಮುಗಿಯಿತೆಂದು ಬರೆದುಕೊಳ್ಳುವುದು ಉದ್ಯಮದಲ್ಲಿ ಒಪ್ಪಿತ ಪದ್ಧತಿ. ಇದಕ್ಕೆ ದುಬಾರಿ ಯಂತ್ರ ಬೇಡ, ಎರಡು ಮೂರು ವರ್ಷದ ಶಿಸ್ತು ಬೇಕು. ಬಂದ ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸಿರಿ. ಬರುವ ಬೇಸಿಗೆಗೆ ಮುನ್ನವೇ ಈ ಕೆಲಸ ಆರಂಭವಾಗಲಿ.